ಎಡಗೈ ಗಂಟು

ರಬಕವಿ
14-9-1974

ತಂಗಿ ಇಂದ್ರವ್ವಳಿಗೆ,

ನಾವು ಇದ್ದೇವೆ. ಇದನ್ನು ಬರೆಯದೆ ಮುಂದೆ ಒಂದಕ್ಷರ ಬರೆಯಲು ಅವ್ವ ಬಿಡುವುದಿಲ್ಲ, ನಿನಗೆ ಗೊತ್ತೇ ಇದೆ. "ಇದ್ದೇವಿ ಅಂತ ಮೊದಲ ಬರಿ. ಕಾಗದ ಒಡೆಯೂತನಕ ಆಕಿ ಜೀವ ಕೈಯಾಗ ಹಿಡಕೊಂಡಿರ್ತಾಳ" ಎನ್ನುತ್ತಾಳೆ.

ನಿನ್ನ ಕಾಗದ ಹನ್ನೊಂದು ದಿನಕ್ಕೆ ಮುಟ್ಟಿತು. ಅಣ್ಣ ಗಿರಿಮಲ್ಲಪ್ಪ ಮಗ್ಗ ನಿಲ್ಲಿಸಿ ಬಂದು ಕುಳಿತ. ವೈನಿ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು. ಎಲ್ಲರ ಮುಂದೆ ಎರಡು ಸಲ ಓದಿದೆ. ನಿನಗೆ ಐದು ತಿಂಗಳು ಎಂಬ ಸಾಲು ಬಂದಾಗ ಅವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದ ರಾಟಿಯನ್ನು ಹಿಡಿದು ನಿಲ್ಲಿಸಿದಳು. ಆಮೇಲೆ ಇಷ್ಟು ಹೇಳಿ ಬರೆಸಿದಳು:

"ಏ ಇಂದ್ರಿ, ಹೊಟ್ಯಾಗ ಕೂಸ ಇಟಗೊಂಡು ತಣ್ಣೀರಾಗ ಕೈ ಅದ್ದಬ್ಯಾಡ. ಕುಂತಲ್ಲೇ ಕುಂದರಬ್ಯಾಡ. ನಿನ್ನ ಗಂಡಗ ಹೇಳು, ಮಿಲ್ಲಿನ ಮಶೀನ್ ಕೆಟ್ಟರ ಓಡಿ ಹೋಗ್ತಾನ, ಹೆಂಡ್ತಿ ಮಾರಿ ಬಾಡಿದ್ದು ಕಾಣಂಗಿಲ್ಲೇನ ಅಂತ. ಬ್ಯಾಸರ ಬಂದಾಗ ನನ್ನ ಗಂಟ ಹಿಡಕೋ. ನನ್ನ ಕೈ ಹಿಡಿದಂಗ ಆಕ್ಕೈತಿ."

ಗಂಟು ಮಡಿಕೆಯೊಳಗೆ ಇದೆ. ಕಳೆದ ಸಲ ಟಪಾಲಿನ ಸಾಬಣ್ಣ ಕಾಗದವನ್ನು ಬೆರಳಿನಿಂದ ಒತ್ತಿ ನೋಡಿ, ಏರ್ ಲೆಟರಿನಲ್ಲಿ ಏನೂ ಇಡಬಾರದು ಎಂದು ತಕರಾರು ತೆಗೆದಿದ್ದ. ಬಿಚ್ಚಿ ತೋರಿಸಿದೆ. ನಮ್ಮ ಅವ್ವನಿಗೆ ಅಕ್ಷರ ಬರುವುದಿಲ್ಲ, ನೇಯುವ ಸೀರೆಯ ಸೆರಗಿನ ಕೆಂಪು ಎಳೆಗೆ ಅದರ ಒಡಲಿನ ಕಪ್ಪು ಎಳೆ ಸೇರಿಸಿ ಗಂಟು ಹಾಕುವುದೇ ಅವಳ ಸಹಿ ಎಂದೆ. ಅವಳು ಎಡಚಿ. ಕೆಂಪು ಎಳೆ ಮೇಲೆ ಬರುವಂತೆ ಹಿಡಿದರೆ ಅವಳ ಗಂಟಿನ ತುದಿ ಎಡಕ್ಕೆ ಬಾಗುತ್ತದೆ, ನಮ್ಮೆಲ್ಲರದು ಬಲಕ್ಕೆ. ಕಣ್ಣು ಮುಚ್ಚಿ ಸೀರೆಯ ಮೇಲೆ ಬೆರಳಾಡಿಸಿದರೂ ಅವ್ವ ಕಟ್ಟಿದ ಎಳೆ ಯಾವುದೆಂದು ಅವಳ ಹೆಣ್ಣುಮಕ್ಕಳು ನಾವು ಹೇಳುತ್ತೇವೆ ಎಂದೆ. "ಹಂಗಾರ ಇದು ಸಹಿನ ಬಿಡ್ರಿ, ಸಾಮಾನಲ್ಲ" ಎಂದು ಅವನೇ ಅಂಟು ಹಚ್ಚಿ ಒಯ್ದ.

ಅವ್ವನ ಕೆಮ್ಮು ಸ್ವಲ್ಪ ಹೆಚ್ಚಾಗಿದೆ. ನೂಲಿನ ಧೂಳಿನದಿರಬೇಕು.

ನಿನ್ನ ಅಕ್ಕ,
ಗುರುಬಸವ್ವ

*

ಬ್ರಾಡ್‌ಫರ್ಡ್, ಇಂಗ್ಲೆಂಡ್
6-10-1974

ಅಕ್ಕಾ,

ನಾವೂ ಇದ್ದೇವೆ.

ಇವರಿಗೆ ಎರಡು ವಾರ ಹಗಲು ಪಾಳಿ, ಎರಡು ವಾರ ರಾತ್ರಿ ಪಾಳಿ. ರಾತ್ರಿ ಪಾಳಿಯಲ್ಲಿ ಹಗಲೆಲ್ಲ ಮಲಗುತ್ತಾರೆ, ನಾನು ಪಾತ್ರೆಯ ಸಪ್ಪಳವೂ ಆಗದಂತೆ ತಿರುಗುತ್ತೇನೆ. ಬಲಗಡೆಯ ಮನೆಯಲ್ಲಿ ಒಬ್ಬ ಪಂಜಾಬಿ ಹೆಂಗಸಿದ್ದಾಳೆ. ಅವಳಿಗೆ ನನ್ನ ಮಾತು ತಿಳಿಯುವುದಿಲ್ಲ, ನನಗೆ ಅವಳದು ತಿಳಿಯುವುದಿಲ್ಲ. ಜೋರಾಗಿ ಹೇಳಿದರೆ ತಿಳಿದೀತೆಂದು ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಕೂಗುತ್ತೇವೆ. ಮೊನ್ನೆ ಅವಳು ಮೂಲಂಗಿ ಕೊಟ್ಟಳು, ನಾನು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕೊಟ್ಟೆ. ಇಬ್ಬರೂ ನಕ್ಕೆವು. ಆ ವಾರ ನಾನು ಮಾತಾಡಿದ್ದು ಅಷ್ಟೇ.

ಓಣಿಯ ಕಡೆಯ ಮನೆಯ ಗುಜರಾತಿ ಹೆಂಗಸನ್ನು ಬಿಳಿ ಗಾಡಿಯಲ್ಲಿ ಒಯ್ದರು. ಗೋಡೆಯ ಜೊತೆ ಮಾತಾಡುತ್ತಿದ್ದಳಂತೆ. ಅವಳ ಮಕ್ಕಳನ್ನು ಬೇರೆ ಯಾರೋ ಬಂದು ಕರೆದುಕೊಂಡು ಹೋದರು. ಮನೆಯ ಪರದೆ ಇನ್ನೂ ಹಾಗೇ ಎಳೆದಿದೆ.

ಮುಂದಿನದನ್ನು ಎಲ್ಲರ ಮುಂದೆ ಓದಬೇಡ. ಅವ್ವನ ಕೆಮ್ಮಿನ ಬಗ್ಗೆ ನೀನು ಒಂದೇ ಸಾಲು ಬರೆದಿದ್ದೀ. ನನಗೆ ಆ ಸಾಲೇ ಉದ್ದವಾಗಿ ಕಾಣುತ್ತಿದೆ. ಏನಾದರೂ ಆದರೆ ಬರೆ. ಬಸುರಿ ಇದ್ದಾಳೆ, ದೂರ ಇದ್ದಾಳೆ ಎಂದು ಮುಚ್ಚಿಡಬೇಡ. ಊರಿನಲ್ಲಿದ್ದರೆ ನಿಮ್ಮ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಇಲ್ಲಿ ನನಗೆ ನಿನ್ನ ಅಕ್ಷರ ಒಂದೇ ಇರುವುದು. ನನಗೆ ಮಾತು ಕೊಡು.

ನಿನ್ನ
ಇಂದ್ರಿ

*

ರಬಕವಿ
27-10-1974

ಇಂದ್ರಿ,

ಅವ್ವ ಹೋಗಿ ಇಂದಿಗೆ ಐದು ದಿನ. ಮಂಗಳವಾರ ಮುಂಜಾನೆ ರಾಟಿಯ ಮುಂದೆ ಕುಳಿತಿದ್ದಳು. ಕೆಮ್ಮು ಬಂತು, ರಕ್ತ ಬಂತು. ಜಮಖಂಡಿಯ ದವಾಖಾನೆಗೆ ಒಯ್ಯಲು ಅಣ್ಣ ಗಾಡಿ ತರುವುದರೊಳಗೆ ಮುಗಿದಿತ್ತು. ನನ್ನ ತೊಡೆಯ ಮೇಲೆ ತಲೆ ಇತ್ತು. ಎಡಗೈ ಬೆರಳುಗಳು ಎಳೆ ಹೊಸೆಯುವಂತೆ ಆಡುತ್ತಲೇ ಇದ್ದವು. ಆಮೇಲೆ ನಿಂತವು.

ಮಣ್ಣು ಕೊಟ್ಟು ಬಂದ ಮೇಲೆ ನಿನಗೆ ಬರೆಯಲು ಕುಳಿತೆ. ಅಣ್ಣ ಪೆನ್ನು ಹಿಡಿದ ಕೈಯ ಮೇಲೆ ಕೈ ಇಟ್ಟ. "ಅಷ್ಟ ದೂರ ಅದಾಳ. ಅತ್ತರ ಹಿಡಿಯಾವ್ರು ಯಾರು? ಹಡೀಲಿ, ಕೂಸಿಗೆ ಐದ ತಿಂಗಳ ಆಗಲಿ, ನಾನ ಬರೀತೀನಿ" ಎಂದ. ವೈನಿ ಅಳುತ್ತ ಕುಳಿತಿದ್ದಳು. ಅವಳ ಅಪ್ಪ ತೀರಿದ ಸುದ್ದಿ ಹೇಳಿದ ಮೂರನೆಯ ದಿನ ಅವಳ ಎಂಟು ತಿಂಗಳ ಬಸುರು ಹೋಗಿತ್ತು, ನಿನಗೆ ನೆನಪಿದೆ. ಅಣ್ಣ ಅದನ್ನು ಮರೆತಿಲ್ಲ. ಬೀಳಗಿಗೆ ಹೋಗಿ ನಿನ್ನ ಗಂಡ ರೇವಪ್ಪನವರ ಮನೆಯವರಿಗೂ ಹೇಳಿ ಬಂದಿದ್ದಾನೆ. ಅವರೂ ನಿನ್ನ ಗಂಡನಿಗೆ ತಿಳಿಸುವುದಿಲ್ಲ. ಗಂಡನಿಗೆ ತಿಳಿದರೆ ಮುಖದಲ್ಲಿ ತಿಳಿಯುತ್ತದೆ ಎಂದರಂತೆ.

ನನಗೆ ಆಗುವುದಿಲ್ಲ ಎಂದೆ. ಅಣ್ಣ ಹೇಳಿದ: "ಬರಿಯಾಕಿ ನೀನ, ಇಷ್ಟ ದಿನ ಅವ್ವನ ಬಾಯಿನೂ ನೀನ. ನಿನಗೇನ ಕಷ್ಟ?"

ಪೆನ್ನು ಮುಚ್ಚಿಟ್ಟೆ.

ಈ ಕಾಗದವನ್ನು ಹಾಕುವುದಿಲ್ಲ. ಕಳಿಸುವ ಕಾಗದಗಳ ಪ್ರತಿ ಬರೆದಿಡುವ ಈ ನೋಟಬುಕ್ಕಿನಲ್ಲೇ ಇರಲಿ. ಅವ್ವ ಅರ್ಧ ಸುತ್ತಿದ ಕಂಡಿಕೆ ರಾಟಿಯ ಮೇಲೆ ಹಾಗೇ ಇತ್ತು. ಎಲ್ಲರೂ ಹೊರಗಿದ್ದಾಗ ಬಿಚ್ಚಿ ನೋಡಿದೆ. ಅದರಲ್ಲಿ ಉಳಿದ ಎಳೆಗಳನ್ನು ಜೋಡಿಸುವಾಗ ಕೆಂಪಿಗೆ ಕಪ್ಪು ಸೇರಿಸಿ ಅವಳು ಹಾಕಿದ ಗಂಟು ಎರಡು ಸಿಕ್ಕವು. ಕತ್ತರಿಸಿ ತೆಗೆದಿಟ್ಟುಕೊಂಡಿದ್ದೇನೆ.

ಗುರುಬಸವ್ವ

*

ರಬಕವಿ
3-11-1974

ತಂಗಿ ಇಂದ್ರವ್ವಳಿಗೆ,

ನಾವು ಇದ್ದೇವೆ.

ಅವ್ವನ ಕೆಮ್ಮು ಕಡಿಮೆಯಾಗಿದೆ. ಧೂಳಿನಲ್ಲಿ ಕೂರಬಾರದೆಂದು ಅಣ್ಣ ರಾಟಿಯನ್ನು ಅಟ್ಟಕ್ಕೆ ಹಾಕಿದ್ದಾನೆ. ಈಗ ಅವಳಿಗೆ ಪೂರ್ತಿ ವಿಶ್ರಾಂತಿ. ನಿನ್ನ ಹೆಸರು ಹೇಳುತ್ತಿರುತ್ತಾಳೆ.

ಅವ್ವ ಬರೆಸಿದ್ದು: "ನಾನು ಆರಾಮ ಅದೇನಿ. ನೀ ಸುಖವಾಗಿ ಹಡಿ. ಚಿಂತಿ ಮಾಡಬ್ಯಾಡ."

ಗಂಟು ಇದೆ.

ಸಾಬಣ್ಣನ ಕೈಯಲ್ಲಿ ಕೊಟ್ಟಿದ್ದೇನೆ. ಅವನೂ ಕ್ಷೇಮ.

ನಿನ್ನ ಅಕ್ಕ,
ಗುರುಬಸವ್ವ

(ಪ್ರತಿಯ ಕೆಳಗೆ ಬರೆದುಕೊಂಡದ್ದು: ಸಾಬಣ್ಣ ಕಾಗದವನ್ನು ತೆಗೆದುಕೊಂಡು ತಿರುವಿ ನೋಡಿದ. "ಅಕ್ಕಾರ, ಅವ್ವಾರ ಮಣ್ಣಿಗೆ ನಾನೂ ಬಂದಿದ್ದೆ. ಇದು ನನ್ನ ಚೀಲದಾಗ ಭಾಳ ವಜ್ಜ ಆಗತೈತ್ರಿ" ಎಂದ. ಒಯ್ದ.)

*

ಬ್ರಾಡ್‌ಫರ್ಡ್
19-1-1975

ಅಕ್ಕಾ,

ನಾವು ಇದ್ದೇವೆ. ಈಗ ಮೂವರು. ಈ ತಿಂಗಳ ಎರಡಕ್ಕೆ ಹೆಣ್ಣು ಕೂಸು ಹುಟ್ಟಿದೆ. ಬಣ್ಣ ಇವರದು, ಹಣೆ ಅವ್ವನದು.

ದವಾಖಾನೆಯಲ್ಲಿ ಐದು ದಿನ ಇದ್ದೆ. ನೋವು ಬಂದಾಗ ಅವ್ವಾ ಎಂದು ಕೂಗಿದೆ. ನರ್ಸು ಬಂದು ನೀರು ಕೊಟ್ಟಳು. ಮತ್ತೆ ಕೂಗಿದೆ, ಮತ್ತೆ ನೀರು ಕೊಟ್ಟಳು. ಅವ್ವ ಎಂದರೆ ನೀರು ಎಂದು ತಿಳಿದಳೋ ಏನೋ.

ಮನೆಗೆ ಬಂದ ಮೇಲೆ ಬಾಣಂತಿಗೆ ಎಣ್ಣೆ ಹಚ್ಚುವವರಿಲ್ಲ, ಕೂಸಿಗೆ ನೀರೆರೆಯುವವರಿಲ್ಲ. ಇವರು ಪುಸ್ತಕ ನೋಡಿ ನೀರೆರೆದರು. ನನಗೆ ಎದೆಯ ಮೇಲೆ ಒರಳುಕಲ್ಲು ಇಟ್ಟಂತೆ ಆಗುತ್ತದೆ. ಊಟ ಇಳಿಯುವುದಿಲ್ಲ. ಕೂಸು ಅತ್ತರೆ ಯಾರದೋ ಕೂಸು ಅಳುತ್ತಿದೆ, ಅದರ ಅವ್ವ ಎಲ್ಲಿ ಹೋದಳು ಎಂದು ಅನಿಸುತ್ತದೆ. ಆಮೇಲೆ ನಾನೇ ಎಂದು ನೆನಪಾಗುತ್ತದೆ.

ನಿನ್ನ ಕಾಗದ ನವೆಂಬರದ್ದೂ ಬಂತು, ಡಿಸೆಂಬರದ್ದೂ ಬಂತು. ಗಂಟುಗಳನ್ನು ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅಕ್ಕಾ, ಅವ್ವ ನನ್ನನ್ನು ಈಗ ಬೈಯುವುದೇ ಇಲ್ಲವಲ್ಲ. ಚಿಂತೆ ಮಾಡಬೇಡ ಎಂದು ಎರಡು ಸಲ ಬರೆಸಿದ್ದಾಳೆ. ಅವಳು ಎಂದಾದರೂ ಹಾಗೆ ಹೇಳಿದವಳೇ?

ಕೂಸಿಗೆ ಹೆಸರು ಇನ್ನೂ ಇಟ್ಟಿಲ್ಲ. ಅವ್ವನೇ ಹೇಳಲಿ.

ನಿನ್ನ
ಇಂದ್ರಿ

*

ರಬಕವಿ
9-2-1975

ತಂಗಿ ಇಂದ್ರವ್ವಳಿಗೆ,

ನಾವು ಇದ್ದೇವೆ. ಕೂಸಿನ ಸುದ್ದಿ ಕೇಳಿ ಓಣಿಗೆಲ್ಲ ಸಕ್ಕರೆ ಹಂಚಿದೆವು.

ಅವ್ವ ಬರೆಸಿದ್ದು: "ಏ ಹುಚ್ಚಿ, ಊಟಾ ಬಿಟ್ಟರ ಹಾಲ ಎಲ್ಲಿಂದ ಬರ್ತಾವ? ಎದ್ದು ಎರಡ ರೊಟ್ಟಿ ಬಡಕೊಂಡು ತಿನ್ನು. ಗಂಡ ಪುಸ್ತಕಾ ನೋಡಿ ನೀರ ಎರೀತಾನಂತ, ನಗಾಕ ಬರಂಗಿಲ್ಲೇನ ನಿನಗ? ಕೂಸಿಗೆ ನನ್ನ ಹೆಸರನ ಇಡು. ಕೆಂಪವ್ವ ಅಂತ ಇಡು. ನೀ ಕರದಾಗೊಮ್ಮೆ ನನಗ ಕೇಳಿಸ್ತೈತಿ."

ಗಂಟು ಇದೆ.

ನಿನ್ನ ಅಕ್ಕ,
ಗುರುಬಸವ್ವ

(ಪ್ರತಿಯ ಕೆಳಗೆ: ಅವ್ವನ ಗಂಟು ಎರಡೂ ಮುಗಿದಿದ್ದವು. ಇದನ್ನು ನಾನೇ ಹಾಕಿದೆ. ಮೂರು ದಿನ ಎಡಗೈಯಿಂದ ಕಲಿಯಲು ನೋಡಿದೆ, ಬಿಗಿ ಬರಲಿಲ್ಲ, ಬಿಚ್ಚಿ ಬಿಚ್ಚಿ ಹೋಯಿತು. ಕಡೆಗೆ ಬಲಗೈಯಿಂದಲೇ ಹಾಕಿ ಕಾಗದ ಮಡಿಸಿದೆ. ಬಾಣಂತಿ, ನಿದ್ದೆ ಇಲ್ಲದವಳು, ಅಷ್ಟು ನೋಡಲಿಕ್ಕಿಲ್ಲ.)

*

ಬ್ರಾಡ್‌ಫರ್ಡ್
2-3-1975

ಅಕ್ಕಾ,

ಈ ಗಂಟು ಯಾರದು?

ಕಾಗದ ಓದುವ ಮೊದಲೇ ಬೆರಳಿಗೆ ತಿಳಿಯಿತು. ಡಬ್ಬಿಯಲ್ಲಿದ್ದ ಹಳೆಯವನ್ನೆಲ್ಲ ತೆಗೆದು ಸಾಲಾಗಿ ಇಟ್ಟೆ. ಒಂದೇ ಒಂದು ಬಲಕ್ಕೆ ಬಾಗಿದೆ. ಅದು ನಿನ್ನದು.

ಆಮೇಲೆ ಹೆಸರು ಓದಿದೆ. ಬದುಕಿದ್ದವರ ಹೆಸರನ್ನು ನಮ್ಮ ಮನೆಯಲ್ಲಿ ಯಾರು ಯಾವಾಗ ಕೂಸಿಗೆ ಇಟ್ಟಿದ್ದಾರೆ? ಅಣ್ಣನ ಮಗಳು ಹುಟ್ಟಿದಾಗ ವೈನಿ ಬಾಯಿತಪ್ಪಿ ಅತ್ತೆಯ ಹೆಸರು ಎಂದದ್ದಕ್ಕೆ ಅವ್ವ ಏನೆಂದಿದ್ದಳು, ಮರೆತೆಯಾ? "ನನ್ನ ಇನ್ನೂ ಮಣ್ಣಾಗ ಇಟ್ಟಿಲ್ಲ, ನಾ ಹ್ವಾದಮ್ಯಾಲೆ ಇಡ್ರಿ" ಎಂದಿದ್ದಳು.

ಇವರಿಗೆ ಹೇಳಿದೆ, ಅವ್ವ ಹೋಗಿದ್ದಾಳೆ ಎಂದು. ಇವರು ನಿನ್ನ ಕಾಗದ ಓದಿ, ನೋಡು, ಬೈದು ಬರೆಸಿದ್ದಾರಲ್ಲ ಎಂದರು. ದಾರದ ಗಂಟಿನಲ್ಲಿ ಸಾವು ಕಾಣುತ್ತದೆಯೇ ಎಂದರು.

ಬೈಯಬೇಡ ಅಕ್ಕಾ. ಹೌದು ಎಂದು ಒಂದು ಸಾಲು ಬರೆ. ಅಳಬೇಕು. ನೀನು ಬರೆಯದೆ ಹೇಗೆ ಅಳಲಿ?

ಇಂದ್ರಿ

*

ರಬಕವಿ
20-3-1975

ತಂಗಿ ಇಂದ್ರವ್ವಳಿಗೆ,

ನಾವೆಲ್ಲರೂ ಇದ್ದೇವೆ. ಅವ್ವನೂ ಇದ್ದಾಳೆ. ಅವಳ ಕೈ ಈಚೆಗೆ ನಡುಗುತ್ತದೆ, ಅದಕ್ಕೆ ಗಂಟು ತಿರುಗಿ ಬಿದ್ದಿದೆ. ಹೆಸರಿನ ಮಾತು ಮುದುಕಿಯ ಆಸೆ, ಅಷ್ಟೇ. ಬಾಣಂತನದಲ್ಲಿ ಇಲ್ಲದ ಯೋಚನೆಗಳು ಬರುತ್ತವೆ. ಕೂಸನ್ನು ನೋಡಿಕೊಂಡಿರು.

ಗುರುಬಸವ್ವ

(ಪ್ರತಿಯ ಕೆಳಗೆ: ಅಣ್ಣ ಪಕ್ಕದಲ್ಲಿ ಕುಳಿತು ಹೇಳಿದ, ನಾನು ಬರೆದೆ. ಐದು ತಿಂಗಳಿಗೆ ಇನ್ನು ಎರಡೂವರೆ ತಿಂಗಳಿದೆ ಎಂದ. ನಾನು ಬೇರೆಯವರ ಮಾತು ಬರೆಯುವವಳು. ಮೊದಲು ಅವ್ವನದು, ಈಗ ಅಣ್ಣನದು.)

*

ಬ್ರಾಡ್‌ಫರ್ಡ್
20-4-1975

ಗಿರಿಮಲ್ಲಪ್ಪ ಅಣ್ಣಾವರಿಗೆ,

ಬಹಳ ಕಷ್ಟದಲ್ಲಿ ಬರೆಯುತ್ತಿದ್ದೇನೆ. ಇಂದ್ರಾಗೆ ಆರಾಮ ಇಲ್ಲ. ಹೋದ ತಿಂಗಳ ಕೊನೆಗೆ ನಿಮ್ಮ ಕಾಗದ ಬಂದ ದಿನ ಅದನ್ನು ಓದಿ ಮಡಿಸಿ ಕುಂಕುಮದ ಡಬ್ಬಿಯ ಕೆಳಗೆ ಇಟ್ಟಳು. ಮರುದಿನ ನಾನು ಪಾಳಿಯಿಂದ ಬಂದಾಗ ನೆಲದ ಮೇಲೆ ಕೂದಲು ಬಿಚ್ಚಿ ಕುಳಿತು, ಅವ್ವನನ್ನು ಹಾಡಿಕೊಂಡು ಅಳುತ್ತಿದ್ದಳು. ಊರಲ್ಲಿ ಹೆಣದ ಮುಂದೆ ಅಳುತ್ತಾರಲ್ಲ, ಹಾಗೆ. ನೆರೆಯವರು ಪೊಲೀಸರನ್ನು ಕರೆದಿದ್ದರು.

ಡಾಕ್ಟರರಿಗೆ ತೋರಿಸಿದೆ. ಇವಳು ತಾಯಿ ಸತ್ತಿದ್ದಾಳೆ ಎನ್ನುತ್ತಾಳೆ. ನಾನು ಸತ್ಯ ಹೇಳಬೇಕಲ್ಲ, ಅತ್ತೆ ಬದುಕಿದ್ದಾರೆ ಎಂದು ನಿಮ್ಮ ಕಾಗದಗಳನ್ನೆಲ್ಲ ಓದಿ ಇಂಗ್ಲಿಷಿನಲ್ಲಿ ಹೇಳಿದೆ. ಇಲ್ಲದ್ದನ್ನು ಇದೆ ಎಂದು ನಂಬುವ ರೋಗ ಎಂದರು. ಗುಳಿಗೆ ಕೊಟ್ಟಿದ್ದಾರೆ. ಕೂಸನ್ನು ಅವಳೊಬ್ಬಳ ಹತ್ತಿರವೇ ಬಿಡಬೇಡಿ ಎಂದಿದ್ದಾರೆ. ಕಡಿಮೆಯಾಗದಿದ್ದರೆ ದೊಡ್ಡ ದವಾಖಾನೆಗೆ ಒಯ್ಯಬೇಕಾಗುತ್ತದಂತೆ.

ಒಂದು ಉಪಕಾರ ಮಾಡಿರಿ. ಅತ್ತೆಯವರ ಒಂದು ಫೋಟೊ ಈಗಲೇ ತೆಗೆಸಿ ಕಳಿಸಿರಿ. ಹಿಂದೆ ತಾರೀಖು ಬರೆಯಿರಿ. ಅವರ ಮುಖ ನೋಡಿದರೆ ಇವಳಿಗೆ ಸಮಾಧಾನ ಆದೀತು.

ನಿಮ್ಮ
ರೇವಪ್ಪ

(ಇದರ ಕೆಳಗೆ: ಅಣ್ಣ ಇದನ್ನು ಓದಿಸಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಈಗಲಾದರೂ ಬರೆಯೋಣ ಎಂದೆ. "ಈಗ ಸತ್ತಾಳ ಅಂತ ಬರದರ ಆಕಿ ಪೂರಾ ಹೋಗ್ತಾಳ" ಎಂದ. ಎರಡು ವರ್ಷದ ಹಿಂದೆ ಜಮಖಂಡಿಯ ಸ್ಟುಡಿಯೋದಲ್ಲಿ ತೆಗೆಸಿದ್ದ ಅವ್ವನ ಫೋಟೊ ಪೆಟ್ಟಿಗೆಯಿಂದ ತೆಗೆದು, ಹಿಂದೆ 2-5-1975 ಎಂದು ತಾನೇ ಬರೆದ. ಸಾಬಣ್ಣನಿಗೆ ಕೊಡದೆ ಬನಹಟ್ಟಿಯ ಪೋಸ್ಟಿಗೆ ಹೋಗಿ ಹಾಕಿ ಬಂದ.)

*

ಬ್ರಾಡ್‌ಫರ್ಡ್
8-5-1975

ಶ್ರೀಮತಿ ಗುರುಬಸವ್ವನವರಿಗೆ,

ನನ್ನ ಪರಿಚಯ ನಿಮಗಿಲ್ಲ. ನನ್ನ ಹೆಸರು ತಾರಾಬಾಯಿ. ಹುಟ್ಟಿದ್ದು ಜಮಖಂಡಿ, ನರ್ಸಿನ ಕೆಲಸ ಕಲಿತದ್ದು ಮೀರಜದಲ್ಲಿ. ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ. ನಮ್ಮ ಕಡೆಯಿಂದ ಬಂದ ಹೆಂಗಸರ ಮನೆಗಳಿಗೆ ಹೋಗಿ ಅವರ, ಕೂಸುಗಳ ಆರೋಗ್ಯ ನೋಡುವುದು ನನ್ನ ಕೆಲಸ. ಗುರುವಾರಕ್ಕೊಮ್ಮೆ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಅವರನ್ನು ಕೂಡಿಸುತ್ತೇನೆ. ಪಂಜಾಬದವರು, ಗುಜರಾತದವರು, ಬಂಗಾಲದವರು ಬರುತ್ತಾರೆ. ಕೂಸುಗಳ ತೂಕ ನೋಡುತ್ತೇವೆ, ಚಹಾ ಕುಡಿಯುತ್ತೇವೆ. ಮೈಕೈ ನೋವು ಎಂದು ಬಂದವರು ಸ್ವಲ್ಪ ಹೊತ್ತಿಗೆ ಬೇರೆ ಏನೋ ಹೇಳತೊಡಗುತ್ತಾರೆ.

ನಿಮ್ಮ ತಂಗಿಯ ವಿಷಯ ಪಕ್ಕದ ಮನೆಯ ಪಂಜಾಬಿ ಬಾಯಿ ಬಂದು ಹೇಳಿದಳು. ನಾನು ಹೋಗಿ ಕನ್ನಡದಲ್ಲಿ ಮಾತಾಡಿಸಿದಾಗ ಅವಳು ನನ್ನ ಬಾಯನ್ನೇ ನೋಡುತ್ತ ಕುಳಿತಳು. ಆಮೇಲೆ ಒಂದು ಡಬ್ಬಿ ತಂದು ಎಳೆಗಂಟುಗಳನ್ನು ಮೇಜಿನ ಮೇಲೆ ಇಟ್ಟಳು. ಇವು ಅವ್ವ, ಇದೊಂದು ಅಕ್ಕ ಎಂದಳು. ನಾನು ನೇಕಾರರವಳಲ್ಲ. ಆದರೂ ನೋಡಿದರೆ ಬೇರೆ ಎಂದು ಕಾಣುತ್ತದೆ.

ಇಲ್ಲಿಯ ಡಾಕ್ಟರರು ಕೆಟ್ಟವರಲ್ಲ. ಅವರ ಮುಂದೆ ಎರಡು ಮಾತಿವೆ, ಒಂದು ಅವಳದು, ಒಂದು ನಿಮ್ಮ ಕಾಗದಗಳದು. ಅವರು ಕಾಗದ ನಂಬಿದ್ದಾರೆ. ಇದೇ ತಿಂಗಳ 26ಕ್ಕೆ ಅವಳನ್ನು ದೊಡ್ಡ ದವಾಖಾನೆಗೆ ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಅಲ್ಲಿಗೆ ಹೋದರೆ ಕೂಸು ಅವಳ ಜೊತೆ ಇರುವುದಿಲ್ಲ.

ನಾನು ಕೇಳುವುದು ಒಂದೇ ಮಾತು. ನಿಮ್ಮ ತಾಯಿ ಬದುಕಿದ್ದಾರೆಯೇ? ಬದುಕಿದ್ದರೆ ಅವಳಿಗೆ ಔಷಧ ಬೇಕು. ಇಲ್ಲದಿದ್ದರೆ ಅವಳಿಗೆ ಬೇಕಾದದ್ದು ಪಕ್ಕದಲ್ಲಿ ಕುಳಿತು ಅಳುವವರು. ಅವರನ್ನು ನಾನು ಕರೆತರಬಲ್ಲೆ. ಕಾಗದಕ್ಕೆ ಕಾಯಬೇಡಿ, ತಂತಿಯ ಮೂಲಕ ತಾರು ಕೊಡಿ.

ತಮ್ಮ
ತಾರಾಬಾಯಿ

*

ರಬಕವಿ
21-5-1975

ತಾರಾಬಾಯಿಯವರಿಗೆ,

ನಿನ್ನೆ ಕೊಟ್ಟ ತಾರು ಮುಟ್ಟಿರಬೇಕು. ನಮ್ಮ ತಾಯಿ ಕೆಂಪವ್ವ 22-10-1974ರಂದು ತೀರಿಕೊಂಡಳು. ಆಮೇಲೆ ಬಂದ ಅವಳ ಮಾತುಗಳೆಲ್ಲ ನಾನು ಕಟ್ಟಿದ್ದು. ಇಂದ್ರವ್ವ ಹೇಳುವುದು ನಿಜ. ನಮ್ಮ ಮನೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ.

ನಿಮ್ಮ ಕಾಗದವನ್ನು ಸಾಬಣ್ಣ ಮನೆಗೆ ತರದೆ ನಾನು ಭಾವಿಗೆ ಹೋದಾಗ ಕೈಗೆ ಕೊಟ್ಟ. ಮೊದಲ ಬಾರಿ ಒಂದು ಕಾಗದವನ್ನು ಒಬ್ಬಳೇ ಓದಿದೆ. ಕಾಯಿಪಲ್ಲೆ ತರುತ್ತೇನೆಂದು ಹೇಳಿ ಜಮಖಂಡಿಯ ಬಸ್ಸು ಹತ್ತಿದೆ. ಅಲ್ಲಿಯ ತಾರು ಮಾಸ್ತರರು ನನ್ನ ಮಾತನ್ನು ಇಂಗ್ಲಿಷಿಗೆ ಇಳಿಸುತ್ತ, "ಏಳ ತಿಂಗಳ ಹಿಂದ ಸತ್ತವ್ರಿಗೆ ಈಗ್ಯಾಕ್ರಿ ತಾರು?" ಎಂದು ಕೇಳಿದರು. ಬದುಕಿದ್ದವಳಿಗಾಗಿ ಎಂದೆ.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಮಗ್ಗದಿಂದ ಏಳಲಿಲ್ಲ. ಲಾಳಿ ಒಂದೇ ಸಮನೆ ಓಡಾಡುತ್ತಲೇ ಇತ್ತು.

ಅವನು ಒಂದು ಹಳೆಯ ಫೋಟೊ ಕಳಿಸಿದ್ದಾನೆ. ಅದರ ಹಿಂದಿನ ತಾರೀಖು ಸುಳ್ಳು. ಅದು ನನ್ನ ತಾರಿಗಿಂತ ಮೊದಲೇ ಮುಟ್ಟಿರುತ್ತದೆ ಎಂಬುದೇ ನನ್ನ ಹೆದರಿಕೆ.

ಇದರೊಳಗೆ ತಂಗಿಗೆ ಬರೆದ ಕಾಗದವಿದೆ. ಸಾವಿನ ಕಾಗದದ ಮೂಲೆ ಹರಿಯುವುದು ನಮ್ಮ ಕಡೆಯ ರೂಢಿ. ಹರಿದಿದ್ದೇನೆ. ನೀವೇ ಕೈಯಲ್ಲಿ ಕೊಡಿರಿ.

ಗುರುಬಸವ್ವ

*

ಬ್ರಾಡ್‌ಫರ್ಡ್
10-6-1975

ಗುರುಬಸವ್ವನವರಿಗೆ,

ಫೋಟೊ ಮೇ 14ಕ್ಕೇ ಬಂದಿತ್ತು. ರೇವಪ್ಪ ಅದನ್ನು ಸಂತೋಷದಿಂದ ಇಂದ್ರವ್ವಳ ಕೈಗೆ ಕೊಟ್ಟ. ಅವಳು ಅದನ್ನು ನೋಡಿ, ಇದರಲ್ಲಿರುವ ಸೀರೆಯನ್ನು ಅವ್ವ ನನಗೆ ಕೊಟ್ಟಿದ್ದಾಳೆ, ಅದು ನನ್ನ ಟ್ರಂಕಿನಲ್ಲಿದೆ ಎಂದಳಂತೆ. ಅದನ್ನು ತೋರಿಸಲು ಟ್ರಂಕು ತೆಗೆದು ಬಟ್ಟೆಯನ್ನೆಲ್ಲ ಹೊರಗೆ ಎಳೆದು ಹಾಕಿದಳು. ಅದನ್ನೇ ರೋಗ ಹೆಚ್ಚಾಯಿತೆಂದು ತಿಳಿದರು. 26ರ ತನಕ ಯಾರೂ ಕಾಯಲಿಲ್ಲ. 16ಕ್ಕೆ ಒಯ್ದರು. ನಿಮ್ಮ ತಾರು ಬಂದದ್ದು 21ಕ್ಕೆ. ಅಷ್ಟರಲ್ಲಿ ತಲೆಗೆ ಕರೆಂಟು ಕೊಡುವ ಚಿಕಿತ್ಸೆ ಎರಡು ಸಲ ಆಗಿತ್ತು.

ತಾರು ಹಿಡಿದುಕೊಂಡು ನಾನೂ ರೇವಪ್ಪನೂ ಹೋದೆವು. ದೊಡ್ಡ ಡಾಕ್ಟರರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ರೇವಪ್ಪ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಮೇ ಕೊನೆಗೆ ಮನೆಗೆ ಕಳಿಸಿದರು.

ಹೋದ ಗುರುವಾರ ಕೂಟಕ್ಕೆ ಕರೆತಂದೆ. ನಿಮ್ಮ ಕಾಗದವನ್ನು ಅಲ್ಲಿ ಕೊಟ್ಟೆ. ಮೂಲೆ ಹರಿದದ್ದನ್ನು ನೋಡಿಯೇ ತಿಳಿದುಕೊಂಡಳು, ಓದಲಿಲ್ಲ. ಪಕ್ಕದ ಮನೆಯ ಪಂಜಾಬಿ ಬಾಯಿ ತನ್ನ ದುಪಟ್ಟಾ ತೆಗೆದು ನೆಲಕ್ಕೆ ಹಾಸಿ ಅವಳನ್ನು ಕೂರಿಸಿದಳು. ಹದಿನಾಲ್ಕು ಮಂದಿ ಸುತ್ತ ಕುಳಿತರು. ಅವರಲ್ಲಿ ಒಬ್ಬರಿಗೂ ಕನ್ನಡ ಬರುವುದಿಲ್ಲ. ಎಲ್ಲರೂ ಅತ್ತರು. ಇಂದ್ರವ್ವ ಅಳಲಿಲ್ಲ. ಅವರು ಅಳುವುದನ್ನು ನೋಡುತ್ತ ಕುಳಿತಿದ್ದಳು. ಮುಂದಿನ ಗುರುವಾರವೂ ಕರೆತರುತ್ತೇನೆ, ಅದರ ಮುಂದಿನದೂ.

ತಾರಾಬಾಯಿ

*

ಬ್ರಾಡ್‌ಫರ್ಡ್
3-8-1975

ಅಕ್ಕಾ,

ತಾರಾಬಾಯಿ ಬರೆ ಎಂದರು. ಬರೆಯುವಾಗ ಮಾತುಗಳು ಸಿಗುವುದಿಲ್ಲ, ನಡುನಡುವೆ ಹೋಗಿಬಿಡುತ್ತವೆ. ಬರುತ್ತವೆ ಎನ್ನುತ್ತಾರೆ.

ಕೂಸು ನನ್ನ ಹತ್ತಿರ ಇದೆ. ಅವಳಿಗೆ ಕೆಂಪವ್ವ ಎಂದೇ ಹೆಸರಿಟ್ಟೆ. ಈಗ ಇಡಬಹುದಲ್ಲ.

ಗುರುವಾರದ ಕೂಟದಲ್ಲಿ ಹೋದ ವಾರ ಅತ್ತೆ. ಬಹಳ ಹೊತ್ತು. ಕಡೆಯ ಮನೆಯ ಗುಜರಾತಿ ಹೆಂಗಸು ತಿರುಗಿ ಬಂದಿದ್ದಾಳೆ, ನನ್ನ ಕೈ ಹಿಡಿದುಕೊಂಡಿದ್ದಳು.

ಅವ್ವನ ಮುಖ ನೆನಸಿಕೊಂಡರೆ ಆ ಫೋಟೊದ ಮುಖವೇ ಬರುತ್ತದೆ. ಬೇರೆ ಬರುವುದಿಲ್ಲ. ಬೆರಳಿಗೆ ಮಾತ್ರ ನೆನಪಿದೆ.

ಒಂದು ಮಾತು ಕೇಳುತ್ತೇನೆ. ಏಳು ತಿಂಗಳು ಅವ್ವ ಇದ್ದಾಳೆ ಎಂದು ನೀನು ಬರೆದೆ. ಆಮೇಲೆ ಇಲ್ಲ ಎಂದು ಬರೆದೆ. ಅಕ್ಷರ ಎರಡರದೂ ಒಂದೇ. ನಿನ್ನ ಅಕ್ಷರವನ್ನು ಅಣ್ಣನೂ ಬರೆಯಬಲ್ಲ, ಸಾಲಿಯಲ್ಲಿ ಇಬ್ಬರಿಗೂ ಒಬ್ಬರೇ ಮಾಸ್ತರರು. ಅಕ್ಕಾ, ನೀನು ಇದ್ದೀಯಾ? ಇದ್ದರೆ, ನಾನು ಹೇಗೆ ನಂಬಲಿ?

ಇಂದ್ರಿ

*

ರಬಕವಿ
24-8-1975

ಇಂದ್ರಿ,

ನಾನು ಇದ್ದೇನೆ.

ಹೇಗೆ ನಂಬಲಿ ಎಂದು ಕೇಳಿದ್ದೀ. ನಂಬು ಎಂದು ಹೇಳುವ ಬಾಯಿ ನನಗಿಲ್ಲ. ಅದಕ್ಕೆ ಈ ಮನೆಯಲ್ಲಿ ಈಗ ನಡೆದಿರುವುದನ್ನು, ನಿನಗೆ ತಿಳಿಸಬಾರದೆಂದು ಎಲ್ಲರೂ ಹೇಳಿರುವುದನ್ನು ಬರೆಯುತ್ತೇನೆ.

ಎರಡು ತಿಂಗಳಿಂದ ನನಗೆ ಕೆಮ್ಮು. ಮೊದಲು ಧೂಳಿನದು ಎಂದುಕೊಂಡೆ. ಶ್ರಾವಣದಲ್ಲಿ ಎರಡು ಸಲ ಸೆರಗಿನಲ್ಲಿ ರಕ್ತ ಕಂಡಿತು. ಅವ್ವನ ಹಾಸಿಗೆಯ ಪಕ್ಕದಲ್ಲೇ ನಾನು ಅಷ್ಟು ತಿಂಗಳು ಮಲಗಿದ್ದೆ. ಜಮಖಂಡಿಯ ಡಾಕ್ಟರರು ಎದೆಗೆ ಸ್ಟೆಥಸ್ಕೋಪ್ ಇಟ್ಟು ಕೇಳಿದರು. ಮೀರಜಕ್ಕೆ ಹೋಗಿ ಎಕ್ಸರೇ ತೆಗೆಸಲು ಬರೆದುಕೊಟ್ಟಿದ್ದಾರೆ. ಸೋಮವಾರ ಹೋಗುತ್ತೇವೆ. ವೈನಿ ನನ್ನ ತಾಟು, ಲೋಟ ಬೇರೆ ಇಟ್ಟಿದ್ದಾಳೆ. ಮಕ್ಕಳನ್ನು ನನ್ನ ಹತ್ತಿರ ಬಿಡುವುದಿಲ್ಲ. ಅದು ಸರಿಯೇ. ಈಗಿನ ಔಷಧಕ್ಕೆ ವಾಸಿಯಾಗುತ್ತದೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹೆದರಿಕೆಯಾಗಿದೆ.

ತಾರು ಕೊಟ್ಟ ದಿನದಿಂದ ಮಾತು ಬಿಟ್ಟಿದ್ದ ಅಣ್ಣ ಇಂದು ಬಾಯಿ ಬಿಟ್ಟ. "ಇದನ್ನ ಆಕಿಗೆ ಬರೀಬ್ಯಾಡ" ಎಂದ. ನಾನು ಪೆನ್ನು ಹಿಡಿದೇ ಕುಳಿತಿದ್ದೆ. ಎದ್ದು ಹೋದ. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಬಾಗಿಲಲ್ಲಿ ನಿಂತು, "ಬರದ್ಯಾ?" ಎಂದ. ಬರೆದೆ ಎಂದೆ. ಮಗ್ಗದಿಂದ ಒಂದು ಕೆಂಪು ಎಳೆ, ಒಂದು ಕಪ್ಪು ಎಳೆ ಕತ್ತರಿಸಿ ತಂದು ನನ್ನ ಮುಂದೆ ಇಟ್ಟು ಹೋದ.

ಸೋಮವಾರ ಡಾಕ್ಟರರು ಏನು ಹೇಳುತ್ತಾರೋ ಅದನ್ನು ಮಂಗಳವಾರ ಬರೆಯುತ್ತೇನೆ. ಒಳ್ಳೆಯದಾದರೂ, ಕೆಟ್ಟದ್ದಾದರೂ. ನಾನು ಬರೆಯಲಾಗದ ದಿನ ಬಂದರೆ ಮೂಲೆ ಹರಿದ ಕಾಗದ ಬರುತ್ತದೆ, ಅದನ್ನು ತಡೆಯಬಾರದೆಂದು ಸಾಬಣ್ಣನಿಗೆ ಹೇಳಿಟ್ಟಿದ್ದೇನೆ. ಅಲ್ಲಿಯ ತನಕ ಬರುವುದೆಲ್ಲ ನನ್ನದೇ.

ಮಡಿಕೆ ಬಿಚ್ಚಿ ನೋಡು. ಒಂದೇ ಗಂಟಿದೆ. ಮುಂಚಿತವಾಗಿ ಹಾಕಿಟ್ಟದ್ದಲ್ಲ, ಈಗ ಹಾಕಿದ್ದು. ತುದಿ ಬಲಕ್ಕೆ ಬಾಗಿದೆ.

ನಿನ್ನ ಅಕ್ಕ,
ಗುರುಬಸವ್ವ